ನಾಲ್ಕು ಮಾವಿನಹಣ್ಣಿಗೆ ‘ಗಳು’ ಯಾಕೆ?

ಸೂರತ್‌ನಲ್ಲಿ ತಾಪಿ ನದಿ ದಾಟಿದರೆ ಸಿಗುವ ಬಡಾವಣೆ ಅಡಾಜಣ್. ಬೇಸಿಗೆಯಲ್ಲಿ ಅಲ್ಲಿನ ರಸ್ತೆ ಬದಿಯ ಗಾಡಿಗಳ ಮೇಲೆಲ್ಲ ಮಾವಿನ ರಾಶಿ. ವಲ್ಸಾಡಿನ ಹಾಫೂಸ್ ಒಂದು ಕಡೆ, ಸೌರಾಷ್ಟ್ರದ ಕೇಸರ್ ಇನ್ನೊಂದು ಕಡೆ. ಕೊಳ್ಳುವವರು ‘ಚಾರ್ ಕೇರಿ ಆಪೋ’ ಎನ್ನುತ್ತಾರೆ. ಕೇರಿ ಎಂದರೆ ಗುಜರಾತಿಯಲ್ಲಿ ಮಾವು. ವ್ಯಾಕರಣದ ಪುಸ್ತಕ ತೆರೆದರೆ ‘ಕೇರಿಓ’ ಎಂಬ ಬಹುವಚನ ರೂಪವೂ ಸಿಗುತ್ತದೆ. ಆದರೆ ಗಾಡಿಯ ಮುಂದೆ ಅದು ಬೇಕಾಗುವುದಿಲ್ಲ. ‘ನಾಲ್ಕು’ ಎಂದಾಗಲೇ ಒಂದಕ್ಕಿಂತ ಹೆಚ್ಚು ಎಂಬುದು ತಿಳಿದುಹೋಯಿತು. ಅದೇ ಗಾಡಿಯ ಮುಂದೆ ಕನ್ನಡದ ಮನೆಯವರು ನಿಂತಿದ್ದರೆ ತಮ್ಮತಮ್ಮಲ್ಲಿ ‘ನಾಲ್ಕು ಹಣ್ಣು ಸಾಕು’ ಎಂದೇ ಮಾತಾಡಿಕೊಳ್ಳುತ್ತಾರೆ. ‘ನಾಲ್ಕು ಹಣ್ಣುಗಳು ಸಾಕು’ ಎಂದರೆ ವ್ಯಾಕರಣ ತಪ್ಪಲ್ಲ, ಆದರೆ ಹಾಗೆ ಮಾತಾಡುವವರು ಸಿಗುವುದು ಕಷ್ಟ.

ಗುಜರಾತಿ ಇಂಡೋ-ಆರ್ಯನ್ ಕುಟುಂಬದ ಭಾಷೆ, ಕನ್ನಡ ದ್ರಾವಿಡ ಕುಟುಂಬದ್ದು. ಹುಟ್ಟು ಬೇರೆ, ಬೆಳೆದ ನೆಲ ಬೇರೆ. ಆದರೂ ನಾಮಪದಕ್ಕೆ ಬಹುವಚನದ ಗುರುತು ಹಚ್ಚುವ ವಿಷಯದಲ್ಲಿ ಎರಡೂ ಒಂದು ಮಾತು ಒಪ್ಪುತ್ತವೆ: ಬೇಕಿದ್ದರೆ ಹಚ್ಚು, ಬೇಡದಿದ್ದರೆ ಬಿಡು. ಇದೇ ಮಾತು ಒಪ್ಪುವ ಇನ್ನೊಂದು ಭಾಷೆಯಿದೆ. ಅದು ಯಾವ ಊರಿನ ಭಾಷೆಯೂ ಅಲ್ಲ, ಸಿನಿಮಾಕ್ಕಾಗಿ ಕಟ್ಟಿದ್ದು.

‘ಸ್ಟಾರ್ ಟ್ರೆಕ್’ ಕಥೆಗಳಲ್ಲಿ ಬರುವ ಕ್ಲಿಂಗನ್ ಎಂಬ ಯೋಧ ಜನಾಂಗಕ್ಕೆ ಒಂದು ಪೂರ್ತಿ ಭಾಷೆ ರೂಪಿಸಿಕೊಟ್ಟವರು ಅಮೆರಿಕದ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್. ಕ್ಯಾಲಿಫೋರ್ನಿಯಾದಲ್ಲಿ ಮಾತಾಡುವವರೇ ಇಲ್ಲವಾಗಿದ್ದ ಮುತ್ಸುನ್ ಎಂಬ ಮೂಲನಿವಾಸಿ ಭಾಷೆಯ ವ್ಯಾಕರಣ ಬರೆದು 1977ರಲ್ಲಿ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದವರು ಅವರು. 1984ರ ಮೂರನೆಯ ‘ಸ್ಟಾರ್ ಟ್ರೆಕ್’ ಚಿತ್ರಕ್ಕೆ ಕ್ಲಿಂಗನ್ ಸಂಭಾಷಣೆ ಬರೆದರು, ಮರುವರ್ಷ ಅದರ ನಿಘಂಟು ಹೊರತಂದರು. ಆ ನಿಘಂಟಿನ ಜೊತೆಗೇ ವ್ಯಾಕರಣವೂ ಇದೆ. ಅದರಲ್ಲಿ ಓಕ್ರಾಂಡ್ ಸ್ಪಷ್ಟವಾಗಿ ಹೇಳುತ್ತಾರೆ: ನಾಮಪದಕ್ಕೆ ಬಹುವಚನ ಪ್ರತ್ಯಯ ಇಲ್ಲದ ಮಾತ್ರಕ್ಕೆ ಅದು ಏಕವಚನ ಎಂದುಕೊಳ್ಳಬಾರದು.

ಕ್ಲಿಂಗನ್ ಉಚ್ಚಾರ ಕನ್ನಡಿಗರ ನಾಲಿಗೆಗೆ ಅಷ್ಟೇನೂ ದೂರವಲ್ಲ. ಅದರ ‘ಷ’, ‘ಡ’ ಎರಡೂ ನಮ್ಮ ಷಕಾರ, ಡಕಾರದ ಹಾಗೆ ನಾಲಿಗೆ ಹಿಂದೆ ಮಡಚಿ ಹೇಳುವ ಅಕ್ಷರಗಳು; ಇಂಗ್ಲಿಷ್ ಮಾತಾಡುವವರು ಇವಕ್ಕೆ ತಿಣುಕುತ್ತಾರೆ. ‘ಯಾಷ್’ ಎಂದರೆ ಅಧಿಕಾರಿ. ‘ಯಾಷ್ ವಿಲೆಘ್’ ಎಂದರೆ ಅಧಿಕಾರಿಯನ್ನು ನಾವು ನೋಡುತ್ತೇವೆ. ‘ಯಾಷ್ ಡಿಲೆಘ್’ ಎಂದರೆ ಅಧಿಕಾರಿಗಳನ್ನು ನಾವು ನೋಡುತ್ತೇವೆ. ಅಧಿಕಾರಿ ಎಂಬ ಪದ ಎರಡರಲ್ಲೂ ಒಂದೇ. ಬದಲಾದದ್ದು ಕ್ರಿಯಾಪದದ ತಲೆಗೆ ಅಂಟಿದ ಪ್ರತ್ಯಯ. ನೋಡುವವರು ಯಾರು, ನೋಡಿಸಿಕೊಳ್ಳುವವರು ಒಬ್ಬರೋ ಹಲವರೋ ಎಂಬುದನ್ನು ಕ್ರಿಯಾಪದವೇ ಹೇಳಿಬಿಟ್ಟಿದೆ. ಬೇಕೆನಿಸಿದರೆ ‘ಯಾಷ್‌ಪು’ ಎಂದು ಬಹುವಚನ ಹಚ್ಚಬಹುದು. ಹಚ್ಚದಿದ್ದರೆ ಅರ್ಥ ಕೆಡುವುದಿಲ್ಲ. ಸಂಖ್ಯೆ ಇದ್ದಾಗಲೂ ಹಾಗೆಯೇ: ‘ಲೊಷ್’ ಎಂದರೆ ನಾಲ್ಕು, ‘ಪುಕ್’ ಎಂದರೆ ಮಗು. ‘ಲೊಷ್ ಪುಕ್’ ಎಂದರೂ ‘ಲೊಷ್ ಪುಕ್‌ಪು’ ಎಂದರೂ ನಾಲ್ಕು ಮಕ್ಕಳೇ.

ಈಗ ಕನ್ನಡದ ಒಂದು ವಾಕ್ಯ ತೆಗೆದುಕೊಳ್ಳಿ. ‘ಹಸು ಬಂತು’, ‘ಹಸು ಬಂದವು’. ನಾಮಪದ ಅಲ್ಲಾಡಲಿಲ್ಲ, ಕ್ರಿಯಾಪದ ಎಣಿಕೆ ಒಪ್ಪಿಸಿತು. ತಮಿಳಿನ ಅತಿ ಹಳೆಯ ವ್ಯಾಕರಣ ತೊಲ್ಕಾಪ್ಪಿಯಂ ಇದನ್ನು ನಿಯಮವಾಗಿಯೇ ಬರೆದಿಟ್ಟಿದೆ: ಮನುಷ್ಯರಲ್ಲದವುಗಳ ಹೆಸರು ಒಂದೋ ಹಲವೋ ಎಂಬುದು ಕ್ರಿಯಾಪದದಿಂದ ತಿಳಿಯುತ್ತದೆ. ಅದಕ್ಕೆ ಕೊಡುವ ಉದಾಹರಣೆಯೂ ಹಸುವಿನದೇ. ‘ಆ ವಂದದು’ ಎಂದರೆ ಹಸು ಬಂತು, ‘ಆ ವಂದನ’ ಎಂದರೆ ಹಸುಗಳು ಬಂದವು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಕೂಡ ಇದನ್ನು ಗಮನಿಸಿದ್ದರು. ಜನರ ವಿಷಯದಲ್ಲಿ ಬಹುವಚನ ಕಟ್ಟುನಿಟ್ಟು, ವಸ್ತು-ಪ್ರಾಣಿಗಳ ವಿಷಯದಲ್ಲಿ ಸಡಿಲ ಎಂಬುದು ಅವರ ಕಣ್ಣಿಗೆ ಬಿದ್ದ ದ್ರಾವಿಡ ಗುಣ.

ಕನ್ನಡದಲ್ಲಿ ಈ ಗೆರೆ ಎಷ್ಟು ನಿಖರವಾಗಿದೆ ಎಂದರೆ, ‘ಮೂರು ಪುಸ್ತಕ’ ಎನ್ನುವ ಬಾಯಿಯಲ್ಲಿ ‘ಮೂರು ಹುಡುಗ’ ಬರುವುದೇ ಇಲ್ಲ. ‘ಮೂರು ಜನ ಹುಡುಗರು’ ಎಂದೇ ಆಗಬೇಕು. ಜನರನ್ನು ಎಣಿಸಲು ಇಬ್ಬರು, ಮೂವರು, ನಾಲ್ವರು, ಐವರು ಎಂದು ಬೇರೆ ಸಂಖ್ಯಾಪದಗಳನ್ನೇ ಕನ್ನಡ ಇಟ್ಟುಕೊಂಡಿದೆ. ಆದರೆ ಗೆರೆಯ ಮೇಲೆ ನಿಂತವರೂ ಇದ್ದಾರೆ. ಗದ್ದೆಯ ಕೆಲಸಕ್ಕೆ ‘ಹತ್ತು ಆಳು’ ಬರುತ್ತಾರೆ, ಹತ್ತು ಆಳುಗಳು ಬರಲೇಬೇಕೆಂದಿಲ್ಲ. ‘ನಿಮಗೆಷ್ಟು ಮಕ್ಕಳು?’ ಎಂದು ಕೇಳಿದರೆ ‘ಎರಡು ಹೆಣ್ಣು, ಒಂದು ಗಂಡು’ ಎಂಬ ಉತ್ತರ ಬರುತ್ತದೆ. ಇಬ್ಬರು ಎಂದು ಹೇಳಬೇಕಾದ ಕಡೆ ಎರಡು ಬಂದು ಕೂತಿದೆ, ಕೇಳುವವರಿಗೆ ಏನೂ ಕೊರತೆ ಕಾಣುವುದಿಲ್ಲ.

ಕ್ಲಿಂಗನ್ ಕೂಡ ಒಂದು ಗೆರೆ ಎಳೆಯುತ್ತದೆ. ಅದಕ್ಕೆ ಬಹುವಚನ ಪ್ರತ್ಯಯ ಮೂರು. ಮಾತು ಬಲ್ಲ ಜೀವಿಗಳಿಗೆ ‘ಪು’, ದೇಹದ ಅಂಗಗಳಿಗೆ ‘ಡು’, ಉಳಿದ ಎಲ್ಲಕ್ಕೂ ‘ಮೇ’. ಅಳತೆಗೋಲು ಗಂಡು-ಹೆಣ್ಣಲ್ಲ, ಜೀವ-ನಿರ್ಜೀವವೂ ಅಲ್ಲ, ಮಾತು. ತಮಿಳು ವೈಯಾಕರಣರು ‘ಉಯರ್‌ತಿಣೈ’, ‘ಅಹ್‌ರಿಣೈ’ ಎಂದು ವಿವೇಕವುಳ್ಳವರನ್ನೂ ಉಳಿದವನ್ನೂ ಬೇರ್ಪಡಿಸಿದ್ದಕ್ಕೆ ಇದು ತೀರಾ ಹತ್ತಿರ ಬರುತ್ತದೆ. ಮನುಷ್ಯನ ಭಾಷೆಯಂತೆ ಕೇಳಿಸಬಾರದೆಂದೇ ಕಟ್ಟಿದ ಭಾಷೆ ಈ ಒಂದು ವಿಷಯದಲ್ಲಿ ದಕ್ಷಿಣ ಭಾರತದ ಹಳೆಯ ವಿಂಗಡಣೆಯ ಪಕ್ಕದಲ್ಲಿ ಬಂದು ನಿಂತಿದೆ.

ಈ ಅಳತೆಗೋಲಿಗೆ ಮಗುವನ್ನು ಒಡ್ಡಿ ನೋಡಬೇಕು. ಕನ್ನಡದಲ್ಲಿ ‘ಮಗು ಅಳುತ್ತಿದೆ’. ಮನುಷ್ಯನ ಕೂಸಾದರೂ ಅದು ನಪುಂಸಕಲಿಂಗ; ಹಸು, ಬೆಕ್ಕು, ಮರದ ಸಾಲಿನಲ್ಲೇ ಅದರ ಜಾಗ. ಹಲವು ಮಕ್ಕಳಾದ ಕೂಡಲೇ ‘ಮಕ್ಕಳು ಅಳುತ್ತಿದ್ದಾರೆ’. ಒಂಟಿಯಾಗಿದ್ದಾಗ ‘ಅದು’, ಗುಂಪಾದಾಗ ‘ಅವರು’. ಗುಜರಾತಿಯಲ್ಲೂ ಗಂಡೋ ಹೆಣ್ಣೋ ಎಂದು ಹೇಳದೆ ಮಗು ಎನ್ನಲು ‘ಛೋಕರುಂ’ ಎಂಬ ನಪುಂಸಕ ರೂಪವಿದೆ. ಹುಡುಗ ‘ಛೋಕರೋ’, ಹುಡುಗಿ ‘ಛೋಕರೀ’, ಮಗು ‘ಛೋಕರುಂ’. ಹಲವಾದರೆ ‘ಛೋಕರಾಂ’. ಗುಜರಾತಿಯಲ್ಲಿ ಇನ್ನೂ ಒಂದು ಸೊಗಸಿದೆ. ಮನೆಯ ಹಿರಿಯ ಹೆಂಗಸಿಗೆ ಗೌರವ ಕೊಟ್ಟು ಮಾತಾಡುವಾಗ ಕ್ರಿಯಾಪದ ಹೋಗುವುದು ನಪುಂಸಕದ ಬಹುವಚನಕ್ಕೆ: ‘ಬಾ ಆವ್ಯಾಂ’, ಅಂದರೆ ಅಮ್ಮ ಬಂದರು. ಕನ್ನಡವೂ ಗೌರವಕ್ಕೆ ಬಹುವಚನವನ್ನೇ ಬಳಸುತ್ತದೆ. ಒಬ್ಬರೇ ಇದ್ದರೂ ಅವರು ‘ಗುರುಗಳು’, ‘ಸ್ವಾಮಿಗಳು’. ಕ್ಲಿಂಗನ್ ಗೌರವಕ್ಕೆಂದು ‘ನೆಷ್’ ಎಂಬ ಬೇರೆಯೇ ಪ್ರತ್ಯಯ ಇಟ್ಟುಕೊಂಡು ಬಹುವಚನವನ್ನು ಎಣಿಕೆಗಷ್ಟೇ ಉಳಿಸಿಕೊಂಡಿದೆ.

ದೇಹದ ಅಂಗಗಳಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ಕ್ಲಿಂಗನ್ ಅವಕ್ಕೆ ಪ್ರತ್ಯೇಕ ಪ್ರತ್ಯಯ ಕೊಟ್ಟಿದೆ. ಕನ್ನಡದಲ್ಲಿ ಊಟಕ್ಕೆ ಮೊದಲು ‘ಕೈ ತೊಳೆ’ ಎನ್ನುತ್ತೇವೆ, ತೊಳೆಯುವುದು ಎರಡೂ ಕೈ. ‘ಕಣ್ಣು ಕೆಂಪಾಗಿದೆ’, ‘ಕಾಲು ಸೋತಿದೆ’, ‘ಕಿವಿ ಕೇಳಿಸುತ್ತಿಲ್ಲ’. ಜೋಡಿಯಾಗಿರುವುದೇ ಸಹಜವಾದ್ದಕ್ಕೆ ಎಣಿಕೆ ಯಾಕೆ ಎಂಬುದು ನಮ್ಮ ಭಾಷೆಯ ತೀರ್ಮಾನ. ಅಡುಗೆಮನೆಯಲ್ಲೂ ಇದೇ ನಡೆಯುತ್ತದೆ. ಪಾತ್ರೆ ತೊಳೆ, ಬಟ್ಟೆ ಒಗೆ, ಈರುಳ್ಳಿ ಹೆಚ್ಚು, ಹೂ ಕಟ್ಟು. ರಾಶಿ ಪಾತ್ರೆ ಬಿದ್ದಿದ್ದರೂ ‘ಪಾತ್ರೆಗಳನ್ನು ತೊಳೆ’ ಎಂದು ಯಾವ ಅತ್ತೆಯೂ ಹೇಳಿದ್ದಿಲ್ಲ.

ಹಾಗೆಂದು ‘ಗಳು’ ದಂಡಕ್ಕೆ ಇರುವುದಲ್ಲ. ‘ರಸ್ತೆ ಅಗಲ ಮಾಡಲು ಮರ ಕಡಿದರು’ ಎಂದರೆ ಮರ ಕಡಿಯುವ ಕೆಲಸ ನಡೆಯಿತು ಎಂದಷ್ಟೇ ಅರ್ಥ. ‘ರಸ್ತೆ ಬದಿಯ ಆ ಮರಗಳನ್ನು ಕಡಿದರು’ ಎಂದಾಗ ಕೇಳುವವರ ಕಣ್ಣಮುಂದೆ ಗೊತ್ತಿರುವ ಮರಗಳು ಒಂದೊಂದಾಗಿ ನಿಲ್ಲುತ್ತವೆ. ‘ಎಣ್ಣೆ’ ಒಂದು ಪದಾರ್ಥ. ‘ಎಣ್ಣೆಗಳು’ ಎಂದರೆ ಕಡಲೆಕಾಯಿ, ಕೊಬ್ಬರಿ, ಎಳ್ಳು ಎಂದು ಬಗೆಬಗೆ. ಎಂದರೆ ‘ಗಳು’ ಬರಿಯ ಎಣಿಕೆ ಹೇಳುವುದಿಲ್ಲ. ಬಿಡಿಬಿಡಿಯಾಗಿ ನೋಡು ಎನ್ನುತ್ತದೆ. ಎಲ್ಲ ಕಡೆ ಅದನ್ನೇ ಅಂಟಿಸಿದರೆ ಆ ಸೂಕ್ಷ್ಮವೇ ಸತ್ತುಹೋಗುತ್ತದೆ. ಬಹುವಚನ ಐಚ್ಛಿಕವಾಗಿರುವುದರ ನಿಜವಾದ ಲಾಭ ಇಲ್ಲಿದೆ: ಬಿಡುವುದಕ್ಕೂ ಅರ್ಥ, ಹಚ್ಚುವುದಕ್ಕೂ ಅರ್ಥ.

ಓಕ್ರಾಂಡ್ ಇದನ್ನು ಚೆನ್ನಾಗಿ ಅರಿತಿದ್ದರು ಎನ್ನುವುದಕ್ಕೆ ‘ಮೇ’ ಸಾಕ್ಷಿ. ಮಾತು ಬಲ್ಲ ಜೀವಿಗೂ ‘ಮೇ’ ಹಚ್ಚಿ ‘ಪುಕ್‌ಮೇ’ ಎಂದರೆ, ಅಲ್ಲಿ ಇಲ್ಲಿ ಎಲ್ಲೆಲ್ಲೂ ಚೆದುರಿರುವ ಮಕ್ಕಳು ಎಂಬ ಅರ್ಥ ಬರುತ್ತದೆ. ಅಂಗಗಳಿಗೆ ‘ಮೇ’ ಹಚ್ಚುವಂತಿಲ್ಲ, ಆದರೆ ಕ್ಲಿಂಗನ್ ಕವಿಗಳು ನಿಯಮ ಮುರಿಯುತ್ತಾರಂತೆ: ‘ತ್ಲೊನ್‌ಮೇ’, ಎಲ್ಲೆಂದರಲ್ಲಿ ಹರಡಿಬಿದ್ದ ಮೂಗಿನ ಹೊಳ್ಳೆಗಳು! ಕೆಲವು ಪದಗಳಿಗೆ ಬಹುವಚನಕ್ಕೆ ಬೇರೆಯೇ ಪದವಿದೆ. ತಟ್ಟೆ ಒಂದಾದರೆ ‘ಜೆಂಗ್ವಾ’, ಹಲವಾದರೆ ‘ಂಗೋಪ್’ ಎಂದು ಅನುನಾಸಿಕದಿಂದಲೇ ಶುರುವಾಗುವ ಪದ. ಆ ಪದ ಅರ್ಥದಲ್ಲಿ ಬಹುವಚನ, ವ್ಯಾಕರಣದಲ್ಲಿ ಏಕವಚನದಂತೆ ನಡೆಯುತ್ತದೆ. ನಮ್ಮ ‘ದನ’, ‘ಜನ’ ಹೀಗೆಯೇ ಅಲ್ಲವೇ? ‘ದನ ಮೇಯುತ್ತಿದೆ’ ಎಂದರೆ ಮಂದೆಯೇ ಮೇಯುತ್ತಿರಬಹುದು. ಜಾತ್ರೆಗೆ ‘ಜನ ಸೇರಿತ್ತು’ ಎಂದರೂ ಸರಿ, ‘ಜನ ಸೇರಿದ್ದರು’ ಎಂದರೂ ಸರಿ.

ಚೆದುರಿದ ಹಲವನ್ನು ಹೇಳಲು ಕನ್ನಡಕ್ಕೆ ತನ್ನದೇ ಉಪಾಯವಿದೆ, ಪದವನ್ನು ಎರಡು ಸಲ ಹೇಳುವುದು. ಊರೂರು ಅಲೆದರು, ಮನೆಮನೆಗೆ ಹೋದರು, ದೊಡ್ಡ ದೊಡ್ಡ ಕಟ್ಟಡ ಎದ್ದಿದೆ. ಕೊನೆಯ ವಾಕ್ಯದಲ್ಲಿ ಕಟ್ಟಡಕ್ಕೂ ‘ಗಳು’ ಇಲ್ಲ, ಕ್ರಿಯಾಪದವೂ ಏಕವಚನ. ಎರಡು ಸಲ ಬಂದ ‘ದೊಡ್ಡ’ ಒಂದೇ ಎಲ್ಲ ಕೆಲಸ ಮುಗಿಸಿದೆ. ಗುಜರಾತಿಯವರು ‘ಘೇರ್ ಘೇರ್’, ‘ಗಾಮೇ ಗಾಮ್’ ಎನ್ನುತ್ತಾರೆ. ‘ನೀರು ಗೀರು’ ಎಂದು ನಾವು ಹೇಳುವ ಕಡೆ ಅವರದು ‘ಪಾಣಿ-ಬಾಣಿ’. ಶಾಲೆಯ ವ್ಯಾಕರಣದಲ್ಲಿ ಇವಕ್ಕೆ ದ್ವಿರುಕ್ತಿ, ಜೋಡುನುಡಿ ಎಂಬ ಹೆಸರು ಸಿಗುತ್ತದೆ. ಬಹುವಚನದ ಪಾಠದಲ್ಲಿ ಮಾತ್ರ ಜಾಗ ಸಿಗುವುದಿಲ್ಲ.

ಗುಜರಾತಿಯ ಬಹುವಚನವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ‘ಐಚ್ಛಿಕ’ ಎಂಬುದು ಮನಬಂದಂತೆ ಎಂದಲ್ಲ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. ಸೂರತ್‌ನ ಎರಡು ದೊಡ್ಡ ಕಸುಬು ವಜ್ರ ಮತ್ತು ಬಟ್ಟೆ. ವಜ್ರ ಒಂದಾದರೆ ‘ಹೀರೋ’, ಹಲವಾದರೆ ‘ಹೀರಾ’. ಬಟ್ಟೆಯ ಸುರುಳಿ ಒಂದಾದರೆ ‘ತಾಕೋ’, ಹಲವಾದರೆ ‘ತಾಕಾ’. ಓಕಾರದಲ್ಲಿ ಮುಗಿಯುವ ಪುಲ್ಲಿಂಗಕ್ಕೆ ಈ ಬದಲಾವಣೆ ಕಡ್ಡಾಯ. ಅದರ ಮೇಲೆ ಮತ್ತೆ ‘ಓ’ ಸೇರಿಸಿ ‘ಹೀರಾಓ’ ಎನ್ನುವುದು ಮಾತ್ರ ಇಷ್ಟಕ್ಕೆ ಬಿಟ್ಟದ್ದು. ‘ಘರ್’ ಎಂಬ ನಪುಂಸಕ ಪದ ಹಾಗೆಯೇ ಇದ್ದರೂ ವಿಶೇಷಣ ಹೇಳಿಬಿಡುತ್ತದೆ: ‘ಮೋಟುಂ ಘರ್’ ದೊಡ್ಡ ಮನೆ, ‘ಮೋಟಾಂ ಘರ್’ ದೊಡ್ಡ ಮನೆಗಳು. ಸ್ತ್ರೀಲಿಂಗಕ್ಕೆ ಬಂದರೆ ತೊಡಕು. ‘ಸಾಡೀ ಸಾರೀ ಛೆ’ ಎಂದರೆ ಸೀರೆ ಚೆನ್ನಾಗಿದೆ. ‘ಸಾರೀ’ ಎಂಬ ವಿಶೇಷಣ ಒಂದಕ್ಕೂ ಹಲವಕ್ಕೂ ಅದೇ, ‘ಛೆ’ ಎಂಬ ಕ್ರಿಯಾಪದವೂ ಅದೇ. ಹಲವು ಸೀರೆ ಎಂದು ತಿಳಿಸಬೇಕಾದರೆ ಇಲ್ಲಿ ‘ಸಾಡೀಓ’ ಎನ್ನುವುದೊಂದೇ ಗತಿ. ವಾಕ್ಯದಲ್ಲಿ ಬೇರೆ ಯಾರೂ ಎಣಿಕೆ ಹೇಳದಿದ್ದಾಗ ಪ್ರತ್ಯಯ ತಾನಾಗಿ ಮುಂದೆ ಬರುತ್ತದೆ, ಹೇಳಿದ್ದರೆ ಹಿಂದೆ ಸರಿಯುತ್ತದೆ.

ಈ ಸಡಿಲಿಕೆ ಎಲ್ಲಿಂದ ಬಂತು? ಗುಜರಾತಿನವರೇ ಆದ ಹೇಮಚಂದ್ರಾಚಾರ್ಯರು 12ನೇ ಶತಮಾನದಲ್ಲಿ ಬರೆದ ವ್ಯಾಕರಣದ ಅಪಭ್ರಂಶ ಭಾಗದಲ್ಲಿ ಒಂದು ಸೂತ್ರವಿದೆ. ಪ್ರಥಮಾ, ದ್ವಿತೀಯಾ ವಿಭಕ್ತಿಗಳ ಏಕವಚನ ಬಹುವಚನ ಪ್ರತ್ಯಯಗಳು ಲೋಪವಾಗುತ್ತವೆ ಎಂದು ಅದು ಹೇಳುತ್ತದೆ. ಸಂಸ್ಕೃತದಲ್ಲಿ ಏಕ, ದ್ವಿ, ಬಹು ಎಂದು ಮೂರು ವಚನವನ್ನು ಹೊತ್ತಿದ್ದ ಪದಾಂತ್ಯಗಳು ಜನರ ಬಾಯಲ್ಲಿ ಸವೆದು ಉದುರಿದ ಕಾಲದ ದಾಖಲೆ ಅದು. ಕನ್ನಡದ ಕಥೆ ಬೇರೆ. ಇಲ್ಲಿ ಉದುರಿಹೋದದ್ದು ಏನೂ ಇಲ್ಲ. ಮನುಷ್ಯರಲ್ಲದ ಪದಗಳಿಗೆ ಬಹುವಚನ ಮೊದಲಿನಿಂದಲೂ ಸಡಿಲವೇ. ಒಂದು ಭಾಷೆ ಕಳೆದುಕೊಂಡು ತಲುಪಿದ ಜಾಗದಲ್ಲಿ ಇನ್ನೊಂದು ಮೊದಲೇ ಕೂತಿತ್ತು.

ಸೂರತ್‌ಗೆ ದುಡಿಯಲು ಬಂದ ಜನರ ಭಾಷೆಗಳನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಗಂಜಾಂ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದ ಒಡಿಯಾ ಜನ ಮನುಷ್ಯರಿಗೆ ‘ಮಾನೆ’, ವಸ್ತುಗಳಿಗೆ ‘ಗುಡಿಕ’ ಎಂದು ಬೇರೆ ಬೇರೆ ಪ್ರತ್ಯಯ ಬಳಸುತ್ತಾರೆ. ಕನ್ನಡಕ್ಕೆ ಒಡಹುಟ್ಟಿದ ತೆಲುಗು ಮಾತ್ರ ಎದುರು ದಾರಿ ಹಿಡಿದಿದೆ. ಸಂಖ್ಯೆ ಇದ್ದರೂ ಬಹುವಚನ ಬಿಡುವುದಿಲ್ಲ. ನಾವು ‘ಎರಡು ರೂಪಾಯಿ’ ಎಂದರೆ ಅವರು ‘ರೆಂಡು ರೂಪಾಯಲು’. ಇಲ್ಲಿ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ. ಲೋಕದ ಲೆಕ್ಕವನ್ನೂ ನೋಡಿ. ಜಗತ್ತಿನ ಭಾಷಾರಚನೆಗಳ ಅಟ್ಲಾಸಿನಲ್ಲಿ ಮಾರ್ಟಿನ್ ಹಾಸ್ಪೆಲ್‌ಮಾತ್ 291 ಭಾಷೆಗಳ ಬಹುವಚನವನ್ನು ಪರಿಶೀಲಿಸಿದ್ದಾರೆ. ಎಲ್ಲ ನಾಮಪದಕ್ಕೂ ಬಹುವಚನ ಕಡ್ಡಾಯವಾಗಿರುವುದು 133ರಲ್ಲಿ ಮಾತ್ರ, ಅರ್ಧಕ್ಕಿಂತ ಕಡಿಮೆ. ಉಳಿದವುಗಳಲ್ಲಿ ಕೆಲವಕ್ಕೆ ಬಹುವಚನವೇ ಇಲ್ಲ, ಕೆಲವಕ್ಕೆ ಮನುಷ್ಯರಿಗಷ್ಟೇ, ಕೆಲವಕ್ಕೆ ಇಷ್ಟವಿದ್ದರೆ. ತುರ್ಕಿಯಲ್ಲಿ ಸಂಖ್ಯೆಯ ನಂತರ ನಾಮಪದ ಏಕವಚನದಲ್ಲೇ ಇರಬೇಕು. ಚೀನೀ ಭಾಷೆಯ ‘ಮನ್’ ಪ್ರತ್ಯಯ ಜನರಿಗೆ ಮೀಸಲು, ಸಂಖ್ಯೆ ಬಂದರೆ ಅದೂ ಬಿದ್ದುಹೋಗುತ್ತದೆ.

ಇಷ್ಟೆಲ್ಲ ಇದ್ದರೂ ಕನ್ನಡ ಕಲಿಸುವಾಗ ವಚನದ ಪಾಠ ಹೇಗಿರುತ್ತದೆ? ಎಡಗಡೆ ಮರ, ಬಲಗಡೆ ಮರಗಳು. ಎಡಗಡೆ ಮನೆ, ಬಲಗಡೆ ಮನೆಗಳು. ಒಂದಕ್ಕಿಂತ ಹೆಚ್ಚಾದರೆ ‘ಗಳು’ ಸೇರಿಸಬೇಕು ಎಂಬ ನಿಯಮ. ಇದು ಸಂಸ್ಕೃತ, ಇಂಗ್ಲಿಷ್ ವ್ಯಾಕರಣದ ಅಚ್ಚಿನಲ್ಲಿ ಎರೆದ ಪಾಠ. ಕನ್ನಡದ ವ್ಯಾಕರಣವನ್ನು ಪರಭಾಷೆಯ ಚೌಕಟ್ಟಿಗೆ ತುರುಕಬಾರದು ಎಂದು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನೇ ಬರೆದರು. ಅವರ ಎಲ್ಲ ವಾದವನ್ನೂ ಒಪ್ಪಬೇಕೆಂದಿಲ್ಲ, ಆದರೆ ವಚನದ ವಿಷಯದಲ್ಲಂತೂ ಆ ತಕರಾರು ನೂರಕ್ಕೆ ನೂರು ನಿಜ. ಪತ್ರಿಕೆಯ ಕನ್ನಡ, ಸರ್ಕಾರಿ ಸುತ್ತೋಲೆಯ ಕನ್ನಡ ಇಂಗ್ಲಿಷಿನಿಂದ ಅನುವಾದವಾಗುತ್ತ ಬಂದಂತೆ ‘50 ಬಸ್ಸುಗಳು’, ‘ಮೂರು ದಿನಗಳ ಕಾಲ’, ‘ಹತ್ತು ರೂಪಾಯಿಗಳು’ ಬರಹದಲ್ಲಿ ಬೇರೂರಿವೆ. ಓದುವಾಗ ಒಪ್ಪಿಕೊಳ್ಳುತ್ತೇವೆ. ಕಂಡಕ್ಟರ್ ಬಂದು ‘ಹತ್ತು ರೂಪಾಯಿಗಳನ್ನು ಕೊಡಿ’ ಎಂದರೆ ತಿರುಗಿ ನೋಡುತ್ತೇವೆ.

ಅಡಾಜಣ್‌ನಂಥ ಬಡಾವಣೆಯ ಕನ್ನಡದ ಮನೆಗಳಲ್ಲಿ ಈ ಪಾಠ ಇನ್ನೂ ಮುಖ್ಯವಾಗುತ್ತದೆ. ಅಲ್ಲಿ ಮಕ್ಕಳು ಕನ್ನಡವನ್ನು ಕೇಳಿಯೇ ಕಲಿಯಬೇಕು. ಶಾಲೆ ಇಂಗ್ಲಿಷಿನದೋ ಗುಜರಾತಿಯದೋ, ಬೀದಿ ಗುಜರಾತಿ-ಹಿಂದಿಯದು. ಅಂಥ ಮಗು ‘ಅಮ್ಮಾ, ಐದು ಪುಸ್ತಕ ಬೇಕು’ ಎಂದರೆ ಅದು ಅರ್ಧ ಕಲಿತ ಕನ್ನಡವಲ್ಲ. ಬೀದಿಯಲ್ಲಿ ಅದು ಕೇಳುವ ‘ಪಾಂಚ್ ಪುಸ್ತಕ್’ ಕೂಡ ಅರ್ಧ ಗುಜರಾತಿಯಲ್ಲ. ಎರಡೂ ಪಕ್ಕಾ ಮಾತು. ಮಗುವಿಗೆ ತಿದ್ದಿ ಹೇಳಬೇಕಾದ ಜಾಗ ಬೇರೆ ಇದೆ: ‘ಮೂರು ಹುಡುಗ’ ಎಂದಾಗ ‘ಮೂವರು ಹುಡುಗರು’ ಎಂದು ಹೇಳಿಕೊಡಿ, ಅಣ್ಣನ ಬಹುವಚನ ಅಣ್ಣಂದಿರು, ಅಕ್ಕನ ಬಹುವಚನ ಅಕ್ಕಂದಿರು ಎಂದು ಹೇಳಿಕೊಡಿ. ಅಲ್ಲಿ ನಿಯಮ ಬಿಗಿ.

ಕನ್ನಡ ಮೇಷ್ಟರಿಗೂ ಪತ್ರಿಕೆಯ ಉಪಸಂಪಾದಕರಿಗೂ ಒಂದು ಕೋರಿಕೆ. ಸಂಖ್ಯೆ ಇರುವ ಕಡೆ, ಕ್ರಿಯಾಪದ ಹೇಳಿರುವ ಕಡೆ, ಪದ ದ್ವಿರುಕ್ತಿಯಾಗಿರುವ ಕಡೆ ‘ಗಳು’ ಬಿಟ್ಟು ಬರೆಯಲು ಬಿಡಿ. ‘ಐದು ಪುಸ್ತಕ’ ಎಂದು ಬರೆದ ಮಗುವಿನ ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಎಳೆಯಬೇಡಿ.